ಅಂಕಿಗಳಿಗೆ ಇಂಪುಂಟೆ?

ಸಂಗೀತಾಭಿರುಚಿಯುಳ್ಳ ಕುಟುಂಬಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಅತೃಪ್ತಿ ಮನೆಮಾಡಿಕೊಂಡಿದೆ. ಕ್ಯಾಸೆಟ್ಟಿನ ಕಾಲ ಮುಗಿದು, ಸಿ.ಡಿ.ಯ ಕಾಲವೂ ಬಹುಮಟ್ಟಿಗೆ ಮುಗಿದು, ಅಂತರಜಾಲದಿಂದಲೋ ಮನೆಯ ಗಣಕಯಂತ್ರದ ಸಂಗ್ರಹದಿಂದಲೋ ಹಾಡುಗಳನ್ನು ತರಿಸಿ ನುಡಿಸುವ ಪುಟ್ಟ ಪೆಟ್ಟಿಗೆಯೊಂದು ಪಡಸಾಲೆಯ ಮೂಲೆಯನ್ನು ಸೇರಿದೆ. ಇದೇ ಸ್ಟ್ರೀಮರ್. ಅದರೊಳಗಿನ ಧ್ವನಿಪರಿವರ್ತಕವು ಅಷ್ಟೇನೂ ಉತ್ತಮವಲ್ಲವೆಂದು ಕಂಡವರು ಪ್ರತ್ಯೇಕವಾದ ಡ್ಯಾಕ್ ಎಂಬ ಯಂತ್ರವನ್ನು ತಂದು ಅದಕ್ಕೆ ಜೋಡಿಸುತ್ತಾರೆ. ಅಂಕಿಗಳ ರೂಪದಲ್ಲಿ ಬಂದ ಸಂಗೀತವನ್ನು ವಿದ್ಯುತ್ತಿನ ಅಲೆಗಳನ್ನಾಗಿ ಮಾರ್ಪಡಿಸಿ ಆಂಪ್ಲಿಫೈಯರಿಗೆ ಒಪ್ಪಿಸುವುದು ಈ ಯಂತ್ರದ ಕೆಲಸ. ಅಲ್ಲಿಗೆ ಗೃಹಸ್ಥನ ಖರ್ಚು ಮುಗಿಯಬೇಕು. ಮುಗಿಯಲು ಬಿಡುವವರಿಲ್ಲ.

"ಡ್ಯಾಕ್ ಏನೋ ಒಳ್ಳೆಯದು ತಂದಿರಿ, ಇನ್ನು ಅದಕ್ಕೆ ತಕ್ಕ ಸ್ಟ್ರೀಮರ್ ಬೇಡವೇ?" ಎಂಬ ಪ್ರಶ್ನೆಯೊಂದಿಗೆ ಎರಡನೆಯ ಸುತ್ತು ಆರಂಭವಾಗುತ್ತದೆ. ಸ್ಟ್ರೀಮರಿನೊಂದಿಗೆ ಬಂದ ಚಿಕ್ಕ ಅಡಾಪ್ಟರನ್ನು ತೆಗೆದು ಭಾರವಾದ ಲೀನಿಯರ್ ಪವರ್ ಸಪ್ಲೈ ಇಡಬೇಕೆನ್ನುತ್ತಾರೆ. ಬಳಿಕ ಸ್ಟ್ರೀಮರಿಗೂ ಡ್ಯಾಕಿಗೂ ನಡುವೆ ಕಾಲವನ್ನು ತಿದ್ದುವ ಇನ್ನೊಂದು ಪೆಟ್ಟಿಗೆ, ಬೆಳ್ಳಿಯ ತಂತಿಯ ಯು.ಎಸ್.ಬಿ. ಕೇಬಲ್, ಕೊನೆಗೆ ಸಂಗೀತಕ್ಕೆಂದೇ ತಯಾರಿಸಿದುದೆಂಬ ಬಿರುದು ಹೊತ್ತ ನೆಟ್‌ವರ್ಕ್ ಸ್ವಿಚ್ಚು. ಒಂದೊಂದನ್ನು ಸೇರಿಸಿದಾಗಲೂ "ತೆರೆಯೊಂದು ಸರಿದಂತಾಯಿತು" ಎಂಬ ಮಾತು ಕೇಳಿಬರುತ್ತದೆ. ಇಷ್ಟೊಂದು ತೆರೆಗಳು ಆ ಸಂಗೀತದ ಮುಂದೆ ಮೊದಲು ಇದ್ದುದಾದರೂ ಹೇಗೆ ಎಂದು ಯಾರೂ ಕೇಳುವುದಿಲ್ಲ. ಕಟ್ಟಕಡೆಗೆ ಕೂಡಿಸಿ ನೋಡಿದರೆ ಡ್ಯಾಕಿಗೂ ಸ್ಪೀಕರಿಗೂ ಕೊಟ್ಟ ಹಣಕ್ಕಿಂತ ಅಂಕಿಗಳನ್ನು ಸಾಗಿಸುವ ವ್ಯವಸ್ಥೆಗೆ ಕೊಟ್ಟ ಹಣವೇ ಹೆಚ್ಚಾಗಿರುತ್ತದೆ.

ಈ ಎರಡನೆಯ ಸುತ್ತಿನ ವ್ಯಾಪಾರ ಬಹುಪಾಲು ಅಸತ್ಯದ ಮೇಲೆ ನಿಂತಿದೆ. ಹೊರಗಿನ ಡ್ಯಾಕ್ ಒಂದನ್ನು ಜೋಡಿಸಿದ ಮೇಲೆ ಸ್ಟ್ರೀಮರಿನಿಂದ ಬಯಸಬೇಕಾದುದು ಅಂಕಿಗಳನ್ನು ಕೆಡಿಸದೆ ತಲುಪಿಸುವ ನಿಷ್ಠೆ. ಆ ನಿಷ್ಠೆ ಅಗ್ಗದ ಯಂತ್ರದಲ್ಲಿಯೂ ಇದೆ, ಅದನ್ನು ಅಳೆದು ತೋರಿಸಬಹುದು. ಈಗಾಗಲೇ ಇರುವುದನ್ನು ಇಲ್ಲವೆಂದು ನಂಬಿಸಿ ಮತ್ತೆ ಮಾರುವುದಕ್ಕೆ ಸುಧಾರಣೆ ಎಂದು ಹೆಸರಿಡುವುದು ಭಾಷೆಗೂ ಅಪಚಾರ.

ಸ್ಟ್ರೀಮರಿನ ಕೆಲಸದ ಸ್ವರೂಪವನ್ನು ಮೊದಲು ತಿಳಿಯಬೇಕು. ಸೋನಿ ಮತ್ತು ಫಿಲಿಪ್ಸ್ ಕೂಡಿ ರೂಪಿಸಿ ೧೯೮೨ರಲ್ಲಿ ಮಾರುಕಟ್ಟೆಗೆ ತಂದ ಸಿ.ಡಿ.ಯ ಮಾನದಂಡದಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಪ್ರತಿ ಅಳತೆಯನ್ನೂ ೧೬ ಬಿಟ್ಟುಗಳಲ್ಲಿ ಬರೆದಿಡಲಾಗುತ್ತದೆ. ಎಡ ಬಲ ಎರಡು ವಾಹಿನಿಗಳೂ ಸೇರಿ ಸೆಕೆಂಡಿಗೆ ೧೪,೧೧,೨೦೦ ಬಿಟ್ಟುಗಳಾದವು. ಇದೊಂದು ದೊಡ್ಡ ಹೊರೆಯೆಂದು ತೋರಬಹುದು. ಆದರೆ ಸೆಕೆಂಡಿಗೆ ಹತ್ತು ಕೋಟಿ ಬಿಟ್ಟುಗಳನ್ನು ಒಯ್ಯುವ ಸಾಮಾನ್ಯ ಮನೆಯ ನೆಟ್‌ವರ್ಕು ಇದರ ೭೦ ಪಟ್ಟು ಹೊರೆಯನ್ನು ಹೊರಬಲ್ಲುದು. ೨೦೦೧ರಲ್ಲಿ ಬಳಕೆಗೆ ಬಂದ ಫ್ಲ್ಯಾಕ್ ಎಂಬ ವಿಧಾನದಲ್ಲಿ ಈ ಅಂಕಿಗಳನ್ನು ಮಡಿಸಿ ಚಿಕ್ಕದು ಮಾಡಿದರೂ ಬಿಚ್ಚಿದಾಗ ಒಂದು ಬಿಟ್ಟೂ ಹೆಚ್ಚು ಕಡಮೆಯಾಗದೆ ಮೊದಲಿನಂತೆಯೇ ದೊರೆಯುತ್ತದೆ. ನೆಟ್‌ವರ್ಕಿನಲ್ಲಿ ಒಂದು ಪೊಟ್ಟಣ ಕೆಟ್ಟರೆ ಅದನ್ನು ಮತ್ತೆ ತರಿಸಿಕೊಳ್ಳುವ ಏರ್ಪಾಡಿದೆ. ತರಿಸಿಕೊಂಡುದು ಕೆಲವು ಸೆಕೆಂಡುಗಳ ಮಟ್ಟಿಗಾದರೂ ಸ್ಟ್ರೀಮರಿನ ನೆನಪಿನಲ್ಲಿ ದಾಸ್ತಾನಾಗಿರುತ್ತದೆ. ಬ್ಯಾಂಕಿನ ಲೆಕ್ಕಾಚಾರಗಳು ನಡೆಯುವುದು ಇಂಥ ತಂತಿಗಳಲ್ಲಿಯೇ. ಅಗ್ಗದ ತಂತಿಯಲ್ಲಿ ಬಂದುದರಿಂದ ಖಾತೆಯಲ್ಲಿನ ಹತ್ತು ಸಾವಿರ ರೂಪಾಯಿ ಕೊಂಚ ಮಂಕಾಗಿ ಕಂಡಿತೆಂದು ಯಾವ ವರ್ತಕನೂ ದೂರಿಲ್ಲ.

ಅಂಕಿಗಳ ಸಾಗಣೆ ಕೆಟ್ಟಾಗ ಏನಾಗುತ್ತದೆಂಬುದನ್ನೂ ಗಮನಿಸಬೇಕು. ಆಗ ಚಟಪಟ ಸದ್ದು ಬರುತ್ತದೆ, ಹಾಡು ತುಂಡಾಗುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ಡ್ಯಾಕಿಗೆ ಧ್ವನಿಯನ್ನು ಒಯ್ಯುವ ಯು.ಎಸ್.ಬಿ. ದಾರಿಯಲ್ಲಿ ತಪ್ಪಿದ ಪೊಟ್ಟಣವನ್ನು ಮತ್ತೆ ಕೇಳುವ ಏರ್ಪಾಡು ಇಲ್ಲವೆಂಬುದು ನಿಜ. ಅಲ್ಲಿಯೂ ತಪ್ಪು ಸಂಭವಿಸಿದರೆ ಕಿವಿಗೆ ಬೀಳುವುದು ಇಂಥ ಸದ್ದೇ. ವೀಣೆಯ ನಾದ ಸ್ವಲ್ಪ ಬಡವಾಯಿತು, ಗಾಯಕನ ಕಂಠ ಎರಡಡಿ ಹಿಂದೆ ಸರಿಯಿತು, ಮೃದಂಗದ ಎಡಭಾಗದ ಗಾಂಭೀರ್ಯ ತಗ್ಗಿತು ಎಂಬ ರೀತಿಯ ಸೂಕ್ಷ್ಮ ದೋಷಗಳು ಬಿಟ್ಟುಗಳು ಕಳೆದುಹೋಗುವುದರಿಂದ ಹುಟ್ಟಲಾರವು. ಅವುಗಳಿಗೆ ಬೇಕಾದುದು ಅಲೆಯ ಆಕಾರವನ್ನೇ ಅರಿತು ತಿದ್ದುವ ಬುದ್ಧಿವಂತ ಕೈ. ತಾಮ್ರದ ತಂತಿಗೆ ಅಷ್ಟು ಸಂಗೀತಜ್ಞಾನವಿಲ್ಲ.

ಪ್ರತಿವಾದಿಗಳ ಉತ್ತರ ಸಿದ್ಧವಾಗಿಯೇ ಇದೆ: ಅಂಕಿ ಸರಿಯಿದ್ದರೆ ಸಾಲದು, ಕಾಲವೂ ಸರಿಯಿರಬೇಕು. ಸ್ವರ ಶುದ್ಧವಾಗಿದ್ದರೂ ಲಯ ತಪ್ಪಿದರೆ ಹಾಡು ಕೆಡುವಂತೆ, ಅಂಕಿಗಳು ಡ್ಯಾಕಿನಲ್ಲಿ ಅಲೆಯಾಗುವ ಕ್ಷಣಗಳು ಅತ್ತಿತ್ತ ಸರಿದರೆ ಧ್ವನಿ ಕೆಡುತ್ತದೆ. ಇದಕ್ಕೆ ಜಿಟರ್ ಎಂದು ಹೆಸರು. ಈ ಮಾತು ಸುಳ್ಳಲ್ಲ, ಮತ್ತು ಇದನ್ನು ಹಗುರವಾಗಿ ತಳ್ಳಿಹಾಕುವವರು ತಮ್ಮ ಪಕ್ಷಕ್ಕೇ ಅನ್ಯಾಯ ಮಾಡುತ್ತಾರೆ. ಸಿ.ಡಿ. ಯಂತ್ರದಿಂದ ಹೊರಗಿನ ಡ್ಯಾಕಿಗೆ ಅಂಕಿಗಳನ್ನು ಒಯ್ಯಲು ಸೋನಿ ಫಿಲಿಪ್ಸ್ ಸಂಸ್ಥೆಗಳೇ ರೂಪಿಸಿದ ಎಸ್‌ಪಿಡಿಫ್ ಎಂಬ ವಿಧಾನದಲ್ಲಿ ಅಂಕಿಯೂ ಕಾಲವೂ ಒಂದೇ ತಂತಿಯಲ್ಲಿ ಹೆಣೆದುಕೊಂಡು ಬರುತ್ತವೆ. ಡ್ಯಾಕ್ ಆ ಹೆಣಿಗೆಯಿಂದ ಕಾಲವನ್ನು ಊಹಿಸಿ ಬಿಡಿಸಿಕೊಳ್ಳಬೇಕು. ಕಳುಹಿಸುವ ಯಂತ್ರ ಒರಟಾಗಿದ್ದು, ಬಿಡಿಸಿಕೊಳ್ಳುವ ಯಂತ್ರವೂ ದುರ್ಬಲವಾಗಿದ್ದರೆ ದೋಷ ಅಳತೆಗೆ ಸಿಗುವಷ್ಟು ಇರುತ್ತಿತ್ತು. ಜೂಲಿಯನ್ ಡನ್ ಎಂಬ ಎಂಜಿನಿಯರು ೧೯೯೦ರ ದಶಕದಲ್ಲಿ ಇದನ್ನು ಆಳವಾಗಿ ಅಭ್ಯಸಿಸಿದರು. ಅವರು ರೂಪಿಸಿದ ಪರೀಕ್ಷಾಸಂಕೇತವನ್ನು ಇಂದಿಗೂ ಡ್ಯಾಕುಗಳನ್ನು ಪರೀಕ್ಷಿಸಲು ಬಳಸುತ್ತಾರೆ. ಆ ದಿನಗಳಲ್ಲಿ "ಡ್ಯಾಕಿಗೆ ತಕ್ಕ ಒಳ್ಳೆಯ ಮೂಲಯಂತ್ರ ಬೇಕು" ಎಂದವರು ಸುಳ್ಳು ಹೇಳುತ್ತಿರಲಿಲ್ಲ.

ಕಾಲ ಬದಲಾಯಿತು. ೨೦೦೦ದ ದಶಕದ ಉತ್ತರಾರ್ಧದಿಂದ ಸಂಗೀತದ ಡ್ಯಾಕುಗಳಲ್ಲಿ ಅಸಿಂಕ್ರೊನಸ್ ಯು.ಎಸ್.ಬಿ. ಎಂಬ ಪದ್ಧತಿ ಹರಡಿತು. ಇದರಲ್ಲಿ ಗಡಿಯಾರ ಇರುವುದು ಡ್ಯಾಕಿನ ಒಳಗೆ. ಅದು ತನ್ನ ಲೆಕ್ಕಕ್ಕೆ ತಕ್ಕಂತೆ "ಸ್ವಲ್ಪ ಬೇಗ ಕಳುಹಿಸು, ಸ್ವಲ್ಪ ತಡೆದು ಕಳುಹಿಸು" ಎಂದು ಸ್ಟ್ರೀಮರಿಗೆ ಅಪ್ಪಣೆ ಕೊಡುತ್ತದೆ. ಬಂದ ಅಂಕಿಗಳನ್ನು ಕಣಜದಲ್ಲಿ ತುಂಬಿಕೊಂಡು ತನ್ನ ಗಡಿಯಾರದ ಪ್ರಕಾರ ಹೊರಬಿಡುತ್ತದೆ. ಸ್ಟ್ರೀಮರಿನ ಗಡಿಯಾರಕ್ಕೆ ಇಲ್ಲಿ ಅಧಿಕಾರವೇ ಇಲ್ಲ. ಯು.ಎಸ್.ಬಿ. ಉಳ್ಳ ಇಂದಿನ ಪ್ರತ್ಯೇಕ ಡ್ಯಾಕುಗಳು ಬಹುತೇಕ ಎಲ್ಲವೂ ಈ ಬಗೆಯವು. ಹೀಗಿರುವಾಗ ಸ್ಟ್ರೀಮರಿನ ಗಡಿಯಾರವನ್ನು ಸುಧಾರಿಸಿ ಧ್ವನಿಯನ್ನು ಉತ್ತಮಪಡಿಸುವೆನೆನ್ನುವುದು, ಬೆಳಗ್ಗೆ ಹಾಲು ತಂದುಹಾಕುವ ಹುಡುಗನಿಗೆ ಬೆಲೆಬಾಳುವ ಕೈಗಡಿಯಾರ ಕೊಡಿಸಿ ಮನೆಯ ಕಾಫಿಯ ರುಚಿಯನ್ನು ಹೆಚ್ಚಿಸುವೆನೆಂದಂತೆ. ಹಾಲು ಪಾತ್ರೆಯಲ್ಲಿದೆ, ಕಾಫಿ ಆಗುವುದು ಮನೆಯವರು ಎದ್ದಾಗ.

ಇನ್ನು ಜಿಟರಿನ ಪ್ರಮಾಣದ ವಿಚಾರ. ಬೆಂಜಮಿನ್ ಮತ್ತು ಗ್ಯಾನನ್ ಎಂಬಿಬ್ಬರು ೧೯೯೮ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧದಲ್ಲಿ, ಸಂಗೀತವನ್ನು ಆಲಿಸುವಾಗ ಸುಮಾರು ೨೦ ನ್ಯಾನೋಸೆಕೆಂಡಿಗಿಂತ ಕಡಮೆಯ ಜಿಟರು ಕೇಳುಗರಿಗೆ ಗೊತ್ತಾಗಲಿಲ್ಲವೆಂದು ವರದಿಯಾಗಿದೆ. ಜಪಾನಿನ ಸಂಶೋಧಕರು ೨೦೦೫ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಗೊತ್ತುಗುರಿಯಿಲ್ಲದೆ ಸರಿಯುವ ಜಿಟರಿನ ವಿಷಯದಲ್ಲಿ ಈ ಮಿತಿ ನೂರಾರು ನ್ಯಾನೋಸೆಕೆಂಡುಗಳಷ್ಟಿತ್ತು. ಈಗಿನ ಸಾಧಾರಣ ಬೆಲೆಯ ಒಳ್ಳೆಯ ಡ್ಯಾಕಿನಲ್ಲಿ ಜಿಟರು ಒಂದು ನ್ಯಾನೋಸೆಕೆಂಡಿಗಿಂತಲೂ ಕೆಳಗಿದೆ. ಒಂದು ಕಾಲದ ದಿಟವನ್ನು ಅದರ ಕಾಲ ಕಳೆದ ಮೇಲೆ ಬೆಲೆ ಹೆಚ್ಚಿಸಿ ಮಾರುತ್ತಿರುವುದು ಈ ವ್ಯಾಪಾರದ ಮರ್ಮ.

ಒಂದು ದೋಷ ಮಾತ್ರ ನಿಜವಾದುದು, ಅದನ್ನು ಒಪ್ಪಲೇಬೇಕು. ಯು.ಎಸ್.ಬಿ. ತಂತಿಯಲ್ಲಿ ಅಂಕಿಗಳ ಜೊತೆಗೆ ವಿದ್ಯುತ್ತೂ ನೆಲದ ಸಂಪರ್ಕವೂ ಇರುತ್ತವೆ. ಸ್ಟ್ರೀಮರು, ಡ್ಯಾಕು, ಆಂಪ್ಲಿಫೈಯರುಗಳು ಬೇರೆ ಬೇರೆ ಸಾಕೆಟ್ಟುಗಳಿಂದ ವಿದ್ಯುತ್ತು ಪಡೆದಾಗ ಅವುಗಳ ಅರ್ಥಿಂಗ್‌ನ ನಡುವೆ ಒಂದು ಸುತ್ತು ಏರ್ಪಟ್ಟು ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಬರುವುದುಂಟು. ನಮ್ಮ ದೇಶದ ವಿದ್ಯುತ್ತಿನ ಕಂಪನ ೫೦ ಹರ್ಟ್ಸ್ ಆದುದರಿಂದ ಆ ಸದ್ದು ಐವತ್ತರಲ್ಲಿಯೂ ನೂರರಲ್ಲಿಯೂ ಅದರ ಮುಂದಿನ ಪಟ್ಟುಗಳಲ್ಲಿಯೂ ಕೇಳುತ್ತದೆ. ತಂಬೂರಿಯ ಶ್ರುತಿಯೊಡನೆ ಹೊಂದದ ಎರಡನೆಯ ಶ್ರುತಿಯೊಂದು ಕೋಣೆಯಲ್ಲಿ ಕುಳಿತಂತೆ ಅದು ಬಾಧಿಸುತ್ತದೆ. ಇದನ್ನು ಕೇಳಿ ಬೇಸತ್ತವನು ಪವರ್ ಸಪ್ಲೈ ಬದಲಿಸಿ, ಸದ್ದು ನಿಂತರೆ ಆನಂದಪಡುವುದು ಸಹಜ. ಆದರೆ ಇದಕ್ಕೆ ಸುಲಭವಾದ ಪರಿಹಾರ ೧೯೮೩ರಿಂದಲೂ ಇದೆ. ತೋಷಿಬಾ ಸಂಸ್ಥೆ ಆ ವರ್ಷ ಹೊರತಂದ ಟಾಸ್‌ಲಿಂಕ್ ಎಂಬ ಕೇಬಲಿನಲ್ಲಿ ಅಂಕಿಗಳು ಬೆಳಕಾಗಿ ಹೋಗುತ್ತವೆ. ಬೆಳಕು ಅರ್ಥಿಂಗನ್ನು ಹೊತ್ತೊಯ್ಯಲಾರದು. ಸುತ್ತು ಅಲ್ಲಿಗೇ ಕಡಿಯುತ್ತದೆ. ಕೆಲವು ನೂರು ರೂಪಾಯಿಗಳ ಈ ಕೇಬಲು ಸಾಮಾನ್ಯವಾಗಿ ೨೪ ಬಿಟ್ಟು, ೯೬ ಕಿಲೋಹರ್ಟ್ಸ್‌ವರೆಗೆ ಸಾಗಿಸುತ್ತದೆ, ಅದು ಸಿ.ಡಿ.ಯ ಮಾನದಂಡಕ್ಕಿಂತ ಬಹಳ ಮುಂದೆ. ಎಲ್ಲ ಯಂತ್ರಗಳನ್ನು ಒಂದೇ ಪ್ಲಗ್ ಬೋರ್ಡಿಗೆ ಜೋಡಿಸಿದರೂ ಎಷ್ಟೋ ಮನೆಗಳಲ್ಲಿ ಸದ್ದು ನಿಲ್ಲುತ್ತದೆ, ಅದಕ್ಕೆ ಖರ್ಚೇ ಇಲ್ಲ. ಆಪ್ಟಿಕಲ್ ಕೇಬಲಿನಿಂದ ಜೋಡಿಸಿದ ಸ್ಟ್ರೀಮರಿಗೂ ದುಬಾರಿ ಪವರ್ ಸಪ್ಲೈ ಹಾಕಿದರೆ ನಾದ ಮಧುರವಾಗುತ್ತದೆಂದು ಹೇಳುವವರಿದ್ದಾರೆ. ವಿದ್ಯುತ್ತಿನ ಕಲ್ಮಷ ಯಾವ ದಾರಿಯಿಂದ ಡ್ಯಾಕನ್ನು ಸೇರಿತೆಂಬುದನ್ನು ಅವರು ತಿಳಿಸುವುದಿಲ್ಲ.

ವಾದ ಇಲ್ಲಿಗೆ ಬಂದಾಗ ಕೊನೆಯ ಅಸ್ತ್ರ ಹೊರಬರುತ್ತದೆ: "ಅಳತೆಗಳು ಏನನ್ನಾದರೂ ಹೇಳಲಿ, ಕಿವಿಯೇ ಪ್ರಮಾಣ." ಕಿವಿ ಪ್ರಮಾಣವೆಂಬುದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಕೇಳುವವನಿಗೆ ಯಾವ ಯಂತ್ರ ನುಡಿಯುತ್ತಿದೆಯೆಂದು ಗೊತ್ತಿದ್ದಾಗ ಸಾಕ್ಷಿ ಹೇಳುವುದು ಕಿವಿಯೊಂದೇ ಅಲ್ಲ. ಬೆಲೆಯ ನೆನಪು, ಮಿತ್ರರ ಹೊಗಳಿಕೆ, ತೆತ್ತ ಹಣ ವ್ಯರ್ಥವಾಗಬಾರದೆಂಬ ಆಸೆ, ಇವೆಲ್ಲವೂ ಅದರ ಪಕ್ಕದಲ್ಲಿ ನಿಂತು ಉತ್ತರವನ್ನು ಪಿಸುಗುಟ್ಟುತ್ತವೆ. ನಿಜವಾಗಿ ಕಿವಿಯನ್ನೇ ಪ್ರಮಾಣವೆಂದು ನಂಬುವವನು ಈ ಸಾಕ್ಷಿಗಳನ್ನು ಹೊರಗೆ ಕಳುಹಿಸಬೇಕು. ಹೊರಗಿನ ಡ್ಯಾಕ್ ಇರುವ ಮನೆಯಲ್ಲಿ ಇದು ಬಹು ಸುಲಭ. ಹಳೆಯ ಸ್ಟ್ರೀಮರನ್ನೂ ಹೊಸ ಸ್ಟ್ರೀಮರನ್ನೂ ಒಂದೇ ಬಗೆಯ ಕೇಬಲಿನಿಂದ ಅದೇ ಡ್ಯಾಕಿಗೆ ಕೊಟ್ಟು, ಎರಡರ ವಾಲ್ಯೂಮನ್ನೂ ಪೂರ್ಣಕ್ಕೆ ನಿಲ್ಲಿಸಿದರೆ ಧ್ವನಿಯ ಮಟ್ಟ ತಾನಾಗಿ ಸಮನಾಗುತ್ತದೆ. ಮಟ್ಟ ಕೂದಲೆಳೆಯಷ್ಟು ಹೆಚ್ಚಿದರೂ ಮನಸ್ಸು ಅದನ್ನು ಉತ್ತಮ ಧ್ವನಿಯೆಂದು ಭಾವಿಸುವುದರಿಂದ ಈ ಎಚ್ಚರ ಮುಖ್ಯ. ಮನೆಯ ಮಗನೋ ಸೊಸೆಯೋ ನಾಣ್ಯ ಚಿಮ್ಮಿ ಯಂತ್ರವನ್ನು ಆರಿಸಿ, ಹೇಳದೆ ನುಡಿಸಲಿ. ಹತ್ತು ಸಲ ನುಡಿಸಿದಾಗ ಒಂಬತ್ತು ಸಲವಾದರೂ ಯಜಮಾನ ಸರಿಯಾಗಿ ಗುರುತಿಸಿದರೆ, ಬರಿಯ ಊಹೆಯಿಂದ ಹಾಗಾಗುವ ಸಂಭವ ನೂರಕ್ಕೆ ಸುಮಾರು ಒಂದು. ಆಗ ಅವನ ಮಾತಿಗೆ ಬೆಲೆಯುಂಟು. ಐದೋ ಆರೋ ಸಲ ಗುರುತಿಸಿದರೆ ಹೊಸ ಯಂತ್ರವನ್ನು ಅಂಗಡಿಗೆ ಹಿಂತಿರುಗಿಸಬಹುದು. ಒಂದು ಸಂಜೆಯ ಕೆಲಸ. ಲಕ್ಷ ರೂಪಾಯಿಗಳ ಖರೀದಿಗೆ ಮೊದಲು ಒಂದು ಸಂಜೆಯನ್ನು ಕೊಡಲೊಲ್ಲದವರು ಕಿವಿಯ ಹೆಸರಿನಲ್ಲಿ ಬೇರೇನನ್ನೋ ರಕ್ಷಿಸುತ್ತಿದ್ದಾರೆ.

ಇಂಥ ಪರೀಕ್ಷೆಗಳು ದೊಡ್ಡ ಪ್ರಮಾಣದಲ್ಲಿಯೂ ನಡೆದಿವೆ. ಅಮೆರಿಕದ ಮೇಯರ್ ಮತ್ತು ಮೊರಾನ್ ೨೦೦೭ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಉನ್ನತ ದರ್ಜೆಯ ಧ್ವನಿಮುದ್ರಿಕೆಗಳನ್ನು ನೇರವಾಗಿಯೂ, ಸಿ.ಡಿ.ಯ ಮಾನದಂಡಕ್ಕೆ ಇಳಿಸಿಯೂ ಕೇಳಿಸಲಾಯಿತು. ೫೫೪ ಪ್ರಯತ್ನಗಳಲ್ಲಿ ೨೭೬ ಸರಿಯುತ್ತರಗಳು ಬಂದವು; ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಇದಕ್ಕೆ ಎದುರಾದ ಸಾಕ್ಷ್ಯವನ್ನು ಮುಚ್ಚಿಡುವುದು ತರವಲ್ಲ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ ೨೦೧೬ರಲ್ಲಿ ೧೮ ಅಧ್ಯಯನಗಳ ೧೨,೫೦೦ಕ್ಕೂ ಹೆಚ್ಚು ಪ್ರಯತ್ನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರಗಳು ಶೇಕಡ ೫೨.೩ರಷ್ಟಿದ್ದವು, ತರಬೇತಿ ಪಡೆದವರಲ್ಲಿ ಅದಕ್ಕಿಂತ ಹೆಚ್ಚು. ಹಾಗಾದರೆ ಉನ್ನತ ದರ್ಜೆಯ ಮುದ್ರಣದಲ್ಲಿ ಏನೋ ಒಂದು ಎಳೆಯಷ್ಟು ವ್ಯತ್ಯಾಸ ಇರಬಹುದು. ಆದರೆ ಈ ಎರಡೂ ಕಡೆ ಹೋಲಿಸಿದ್ದು ಅಂಕಿಗಳೇ ಬೇರೆಯಾಗಿದ್ದ ಧ್ವನಿಗಳನ್ನು. ಅಷ್ಟು ದೊಡ್ಡ ಬದಲಾವಣೆಯನ್ನೇ ನೂರಕ್ಕೆ ಎರಡು ಮೂರು ಸಲ ಮಾತ್ರ ಹೆಚ್ಚಾಗಿ ಗುರುತಿಸಿದ ಮಾನವಜಾತಿ, ಒಂದೇ ಅಂಕಿಗಳು ಎರಡು ಪೆಟ್ಟಿಗೆಗಳಿಂದ ಬಂದಾಗ "ರಾತ್ರಿಗೂ ಹಗಲಿಗೂ ಇರುವ ಅಂತರ"ವನ್ನು ಕಂಡಿತೆಂದು ಹೇಳಿದರೆ ನಂಬುವುದು ಕಷ್ಟ. ೨೦೨೨ರ ಜುಲೈಯಲ್ಲಿ ಬಯಲಾದ ಸಂಗತಿಯನ್ನೂ ಇಲ್ಲಿ ನೆನೆಯಬಹುದು. ಮೊಬೈಲ್ ಫಿಡೆಲಿಟಿ ಎಂಬ ಅಮೆರಿಕದ ಸಂಸ್ಥೆಯ ಬೆಲೆಬಾಳುವ ಎಲ್.ಪಿ. ತಟ್ಟೆಗಳು ಮೂಲ ಟೇಪಿನಿಂದ ನೇರವಾಗಿ, ಅಂಕಿಗಳ ಸೋಂಕಿಲ್ಲದೆ ತಯಾರಾದವೆಂದು ರಸಿಕರು ನಂಬಿದ್ದರು. ಹಲವು ವರ್ಷಗಳಿಂದ ಅವುಗಳಲ್ಲಿ ಅನೇಕವು ಡಿಜಿಟಲ್ ಹಂತವೊಂದನ್ನು ದಾಟಿ ಬಂದಿದ್ದವು. ಡಿಜಿಟಲ್ ವಾಸನೆಯನ್ನು ಮೊದಲ ಕ್ಷಣದಲ್ಲೇ ಹಿಡಿಯಬಲ್ಲೆವೆಂದ ಕಿವಿಗಳು ಅಷ್ಟು ವರ್ಷವೂ ಅವುಗಳನ್ನು ಕೊಂಡಾಡುತ್ತಿದ್ದವು.

"ಯಾರಿಗೇನು ನಷ್ಟ? ಹಣ ಅವನದು, ಸಂತೋಷ ಅವನದು" ಎಂದು ಉದಾರಿಗಳು ಹೇಳುವುದುಂಟು. ತನ್ನ ಸಂತೋಷಕ್ಕೆ ಚೆಂದದ ಪೆಟ್ಟಿಗೆಯನ್ನು, ದೊಡ್ಡ ಪರದೆಯನ್ನು, ಕೈಗೆ ಹಿತವಾದ ಗುಂಡಿಯನ್ನು ಕೊಳ್ಳುವವನ ಬಗ್ಗೆ ಆಕ್ಷೇಪವಿಲ್ಲ. ಅವನು ಕೊಟ್ಟುದಕ್ಕೆ ತಕ್ಕುದನ್ನು ಪಡೆದಿದ್ದಾನೆ. ಆಕ್ಷೇಪವಿರುವುದು ಮಾರುವವನ ಮಾತಿನ ಮೇಲೆ. ಸುಳ್ಳು ತೂಕ, ಸುಳ್ಳು ಅಳತೆ, ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವ ಪ್ರತಿರೂಪಕ ವ್ಯವಹಾರ, ಇವುಗಳನ್ನು ಅಚೌರ್ಯಾಣುವ್ರತದ ಅತಿಚಾರಗಳೆಂದು ಎಣಿಸಿದ ಪರಂಪರೆಯಲ್ಲಿ ಬೆಳೆದ ವರ್ತಕ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಕ್ಕಡಿಯ ಕೆಳಗೆ ಮೇಣ ಅಂಟಿಸುವುದಕ್ಕೂ, ಇಲ್ಲದ ಇಂಪನ್ನು ಕೇಳಿಸಿಕೋ ಎಂದು ಒತ್ತಾಯಿಸಿ ಕೇಳಿಸದವನಿಗೆ "ನಿಮ್ಮ ಕಿವಿ ಇನ್ನೂ ಪಳಗಬೇಕು" ಎನ್ನುವುದಕ್ಕೂ ನಡುವೆ ಹೆಚ್ಚಿನ ದೂರವಿಲ್ಲ. ಎರಡನೆಯದು ಒಂದು ವಿಧದಲ್ಲಿ ಹೆಚ್ಚು ಕ್ರೂರ: ಮೋಸಹೋದವನು ತನ್ನ ಮೋಸಕ್ಕೆ ತಾನೇ ಸಾಕ್ಷಿಯಾಗಿ, ಮುಂದಿನವನನ್ನು ಅಂಗಡಿಗೆ ಕರೆತರುತ್ತಾನೆ. ವಿಮರ್ಶಕರ ವಿಷಯ ಹೇಳುವುದೇ ಬೇಡ. ಯಾರ ಜಾಹೀರಾತಿನಿಂದ ಪತ್ರಿಕೆ ನಡೆಯುತ್ತದೆಯೋ ಅವರ ಯಂತ್ರವನ್ನು ಅದೇ ಪತ್ರಿಕೆಯ ಪುಟಗಳಲ್ಲಿ ತೂಗುವಾಗ ಕುರುಡು ಪರೀಕ್ಷೆಯೊಂದನ್ನು ಕಾಣುವುದು ಅತಿ ಅಪರೂಪ.

ಸ್ಟ್ರೀಮರನ್ನು ಬದಲಿಸಲು ನ್ಯಾಯವಾದ ಕಾರಣಗಳೇ ಇಲ್ಲವೆಂದಲ್ಲ. ಅವು ಇರುವುದು ಇನ್ನೊಂದು ಕಡೆ, ಯಂತ್ರದ ಆಯುಸ್ಸಿನಲ್ಲಿ. ಗೂಗಲ್ ಸಂಸ್ಥೆ ೨೦೧೫ರಲ್ಲಿ ೩೫ ಡಾಲರಿಗೆ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಚಿಕ್ಕ ಬಿಲ್ಲೆಯನ್ನು ತಂದಿತು. ಆಪ್ಟಿಕಲ್ ಕೇಬಲಿನಿಂದ ಡ್ಯಾಕಿಗೆ ಜೋಡಿಸಿದರೆ ಅದು ಅಂಕಿಗಳನ್ನು ಚೆನ್ನಾಗಿಯೇ ಒಪ್ಪಿಸುತ್ತಿತ್ತು. ೨೦೧೯ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ೨೦೨೫ರ ಮಾರ್ಚಿಯಲ್ಲಿ ಅದರೊಳಗಿನ ಪ್ರಮಾಣಪತ್ರವೊಂದರ ಹತ್ತು ವರ್ಷದ ಅವಧಿ ಮುಗಿದು, ಸುಸ್ಥಿತಿಯಲ್ಲಿದ್ದ ಯಂತ್ರಗಳು ಒಂದೇ ದಿನ ಮೂಕವಾದವು. ಕೆಲವು ದಿನಗಳ ಬಳಿಕ ಸಂಸ್ಥೆ ಅದನ್ನು ಸರಿಪಡಿಸಿತಾದರೂ, ಮನೆಯ ಸಂಗೀತದ ಬೀಗದಕೈ ಯಾರ ಬಳಿಯಿದೆಯೆಂಬುದು ಆ ದಿನಗಳಲ್ಲಿ ಎಲ್ಲರಿಗೂ ತಿಳಿಯಿತು. ಇದಕ್ಕೆ ಬದಲಾಗಿ ಸ್ಕ್ವೀಜ್‌ಬಾಕ್ಸಿನ ಕಥೆಯನ್ನು ನೋಡಬೇಕು. ಸ್ಲಿಮ್ ಡಿವೈಸಸ್ ಎಂಬ ಚಿಕ್ಕ ಸಂಸ್ಥೆಯನ್ನು ಲಾಜಿಟೆಕ್ ೨೦೦೬ರಲ್ಲಿ ಕೊಂಡುಕೊಂಡು, ೨೦೧೨ರಲ್ಲಿ ಈ ಯಂತ್ರಗಳನ್ನು ಕೈಬಿಟ್ಟಿತು. ೨೦೨೪ರಲ್ಲಿ ಅದರ ಅಂತರಜಾಲ ಸೇವೆಯೂ ಮುಚ್ಚಿತು. ಆದರೂ ಅವು ಸಾಯಲಿಲ್ಲ. ಅವುಗಳನ್ನು ನಡೆಸುವ ತಂತ್ರಾಂಶ ಮುಕ್ತವಾಗಿದ್ದುದರಿಂದ ಉತ್ಸಾಹಿಗಳು ಅದನ್ನು ಲಿರಿಯನ್ ಎಂಬ ಹೆಸರಿನಲ್ಲಿ ಇಂದಿಗೂ ಬೆಳೆಸುತ್ತಿದ್ದಾರೆ. ೨೦೧೦ರ ಸ್ಕ್ವೀಜ್‌ಬಾಕ್ಸ್ ಟಚ್ ಯಂತ್ರದ ಯು.ಎಸ್.ಬಿ. ಕಿಂಡಿಯಿಂದ ಹೊರಗಿನ ಡ್ಯಾಕನ್ನು ನಡೆಸುವ ಉಪಾಯವನ್ನು ಕೊಟ್ಟವರೂ ಇಂಥ ಉತ್ಸಾಹಿಗಳೇ. ಅಂದು ಅದನ್ನು ಜೋಡಿಸಿಕೊಂಡವರಿಗೆ ಕೊಡಬೇಕಾಗಿ ಬಂದುದು ಒಂದು ಕೇಬಲಿನ ಬೆಲೆ.

ರಾಸ್ಬೆರಿ ಪೈ ಎಂಬ ಅಂಗೈಯಗಲದ ಗಣಕಯಂತ್ರ ೨೦೧೨ರಲ್ಲಿ ಬಂದಮೇಲೆ ಮೂಡ್, ವೊಲ್ಯೂಮಿಯೊ, ಪೈಕೋರ್‌ಪ್ಲೇಯರ್ ಮುಂತಾದ ತಂತ್ರಾಂಶಗಳಿಂದ ಅದನ್ನೇ ಸ್ಟ್ರೀಮರಾಗಿ ಬಳಸುವವರು ಲೋಕದಾದ್ಯಂತ ಇದ್ದಾರೆ. ಅದರ ಹೆಡ್‌ಫೋನ್ ಕಿಂಡಿಯ ಧ್ವನಿ ಕಳಪೆ. ಅಲ್ಲಿ ಹೊರಗಿನ ಡ್ಯಾಕ್ ಮಾಡುವ ಉಪಕಾರ ಯಾವ ಕಿವಿಗೂ ಗೊತ್ತಾಗುವಂಥದು. ಹಳೆಯ ಪೈಗಳಲ್ಲಿ ನೆಟ್‌ವರ್ಕೂ ಯು.ಎಸ್.ಬಿ.ಯೂ ಒಂದೇ ಓಣಿಯಲ್ಲಿ ಓಡಾಡುತ್ತಿದ್ದುದರಿಂದ ಕೆಲವೊಮ್ಮೆ ಚಟಪಟ ಸದ್ದು ಬರುತ್ತಿದ್ದುದೂ ಉಂಟು. ೨೦೧೯ರ ನಾಲ್ಕನೆಯ ಪೈಯಲ್ಲಿ ಎರಡಕ್ಕೂ ಬೇರೆ ಬೇರೆ ದಾರಿಯಾಯಿತು. ಅಂಥ ಸದ್ದನ್ನು ಕೇಳಿ ಹಳೆಯದನ್ನು ಬದಲಿಸಿದವನು ಸಕಾರಣವಾಗಿ ಬದಲಿಸಿದ್ದಾನೆ. ಅದೇ ಕಿಂಡಿಯಿಂದ ಡ್ಯಾಕಿಗೆ ಹೋಗುವ ಅಂಕಿಗಳು ಲಕ್ಷಗಟ್ಟಲೆ ಬೆಲೆಯ ಸ್ಟ್ರೀಮರು ಕಳುಹಿಸುವ ಅಂಕಿಗಳೇ. ಎಂ.ಕ್ಯೂ.ಎ. ಎಂಬ ಗುಪ್ತಲಿಪಿಯಂಥ ವಿಧಾನವನ್ನು ನಂಬಿ, ಅದರ ಪರವಾನಗಿಯ ದೀಪ ಬೆಳಗುವ ಡ್ಯಾಕುಗಳನ್ನೂ ಸ್ಟ್ರೀಮರುಗಳನ್ನೂ ೨೦೧೪ರ ಅನಂತರ ಕೊಂಡವರ ಪಾಡು ಬೇರೆ. ಆ ಸಂಸ್ಥೆ ೨೦೨೩ರಲ್ಲಿ ದಿವಾಳಿಯ ಅಂಚಿಗೆ ಬಂದು ಕೈಬದಲಾಯಿತು. ಮುಖ್ಯವಾಗಿ ಅದನ್ನು ಬಳಸುತ್ತಿದ್ದ ಟೈಡಲ್ ಸೇವೆ ೨೦೨೪ರ ಜುಲೈಯಲ್ಲಿ ಅದನ್ನು ಬಿಟ್ಟು ಎಲ್ಲರಿಗೂ ತೆರೆದಿರುವ ಫ್ಲ್ಯಾಕಿಗೆ ಮರಳಿತು. ದೀಪ ಮಾತ್ರ ಉಳಿಯಿತು.

ಹಣ ಖರ್ಚು ಮಾಡುವುದಕ್ಕೆ ಮೊದಲು ಮಾಡಬೇಕಾದ ಕೆಲವು ಕೆಲಸಗಳಿಗೆ ಹಣವೇ ಬೇಡ. ಸ್ಟ್ರೀಮರಿನ ವಾಲ್ಯೂಮನ್ನು ಪೂರ್ಣಕ್ಕೆ ನಿಲ್ಲಿಸಿ, ಹೆಚ್ಚು ಕಡಮೆ ಮಾಡುವ ಅಧಿಕಾರವನ್ನು ಡ್ಯಾಕಿಗೋ ಆಂಪ್ಲಿಫೈಯರಿಗೋ ಬಿಡಬೇಕು. ಹಾಡಿನಿಂದ ಹಾಡಿಗೆ ಮಟ್ಟ ಹೊಂದಿಸುವ, ಒಂದರೊಳಗೊಂದು ಬೆರೆಸುವ ಸೌಕರ್ಯಗಳನ್ನು ನಿಲ್ಲಿಸಬೇಕು. ಅಂಕಿಗಳನ್ನು ನಿಜವಾಗಿ ಬದಲಿಸುವವು ಇವೇ. ಆಂಡ್ರಾಯ್ಡ್ ಫೋನುಗಳಲ್ಲಿ ೪೪.೧ ಕಿಲೋಹರ್ಟ್ಸಿನ ಸಂಗೀತ ಹೇಳದೆ ಕೇಳದೆ ೪೮ಕ್ಕೆ ಬದಲಾಗಿ ಹೊರಬರುವುದು ಬಹಳ ಕಾಲದ ರೂಢಿ. ಡ್ಯಾಕಿನ ಮುಖದ ಮೇಲೆ ತೋರುವ ಅಂಕಿ ಹಾಡಿನ ಮೂಲದ ಅಂಕಿಗೆ ಹೊಂದುತ್ತಿದೆಯೇ ಎಂದು ನೋಡಿದರೆ ಇದು ಪತ್ತೆಯಾಗುತ್ತದೆ. ಆ ಬಳಿಕವೂ ಖರ್ಚು ಮಾಡುವ ಮನಸ್ಸಿದ್ದರೆ ಅದು ಸ್ಪೀಕರಿಗೂ ಕೋಣೆಗೂ ಹೋಗಲಿ. ಡ್ಯಾಕಿನ ವಿರೂಪ ಲಕ್ಷದಲ್ಲಿ ಒಂದು ಪಾಲಿಗೆ ಇಳಿದಿರುವಾಗ, ತಗ್ಗಿನ ಸ್ವರಗಳಲ್ಲಿ ಸ್ಪೀಕರಿನ ವಿರೂಪ ನೂರರಲ್ಲಿ ಒಂದು ಪಾಲು ಇರುವುದು ಸಾಮಾನ್ಯ. ಬರಿಗೋಡೆ, ಬರಿನೆಲದ ನಮ್ಮ ಪಡಸಾಲೆಗಳಲ್ಲಿ ಒಂದು ದಪ್ಪ ಜಮಖಾನೆ, ಕಿಟಕಿಗೆ ಭಾರವಾದ ಪರದೆ, ಪುಸ್ತಕ ತುಂಬಿದ ಕಪಾಟು ಮಾಡುವ ಬದಲಾವಣೆಯನ್ನು ಗುರುತಿಸಲು ಯಾವ ಪರೀಕ್ಷೆಯೂ ಬೇಡ.

ಕೇಳುವ ಸಂಗೀತದ ಕಡೆಗೂ ಒಮ್ಮೆ ತಿರುಗಿ ನೋಡಬೇಕು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರಂಥವರ ಮೊದಲ ದಿನಗಳ ಗಾಯನ ಉಳಿದಿರುವುದು ೭೮ ಸುತ್ತಿನ ತಟ್ಟೆಗಳಲ್ಲಿ, ಒಂದೊಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ. ಆ ತಟ್ಟೆಯ ಗೊರಗೊರ ಸದ್ದಿನ ಹಿಂದಿನಿಂದ ಕಂಠ ಏರಿ ಬರುವ ಪರಿಯನ್ನು ಯಾವ ಪವರ್ ಸಪ್ಲೈಯೂ ಸುಧಾರಿಸಲಾರದು. ಈ ಧ್ವನಿಗಳಿಗೆ ಸಿ.ಡಿ.ಯ ೧೬ ಬಿಟ್ಟುಗಳೇ ಧಾರಾಳ. ನಿಜವಾದ ನಷ್ಟ ನಡೆಯುತ್ತಿರುವುದು ಮನೆಗಳ ಅಟ್ಟದಲ್ಲಿ, ಬಸದಿ ಟ್ರಸ್ಟುಗಳ ಕಚೇರಿಯ ಕಪಾಟಿನಲ್ಲಿ. ಎರಡು ಮೂರು ದಶಕಗಳ ಹಿಂದಿನ ಪ್ರವಚನಗಳು, ಅಜ್ಜಿಯಂದಿರು ಹಾಡಿದ ಹಾಡುಗಳು, ಊರ ಕಲಾವಿದರ ಕಚೇರಿಗಳು ಅಲ್ಲಿ ಕ್ಯಾಸೆಟ್ಟುಗಳಲ್ಲಿವೆ. ಟೇಪಿನ ಮೇಲಿನ ಲೇಪ ಉದುರುತ್ತಿದೆ, ಒತ್ತುಮೆತ್ತೆ ಸಡಿಲಗೊಂಡಿದೆ, ಮಳೆಗಾಲದ ತೇವಕ್ಕೆ ಬೂಷ್ಟು ಹತ್ತುತ್ತಿದೆ. ಇವುಗಳಿಗೆ ಎರಡನೆಯ ಪ್ರತಿಯಿಲ್ಲ. ಸ್ಟ್ರೀಮರಿನ ಸುಧಾರಣೆಗೆಂದು ಎತ್ತಿಟ್ಟ ಹಣದಲ್ಲಿ ಒಂದು ಸುಸ್ಥಿತಿಯ ಹಳೆಯ ಕ್ಯಾಸೆಟ್ ಡೆಕ್ಕನ್ನೂ, ಧ್ವನಿಯನ್ನು ಗಣಕಯಂತ್ರಕ್ಕೆ ಸೇರಿಸುವ ಸಾಧಾರಣ ಪೆಟ್ಟಿಗೆಯೊಂದನ್ನೂ ಕೊಳ್ಳಬಹುದು. ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಒಂದೊಂದು ಕ್ಯಾಸೆಟ್ಟಿಗೂ ಹೆಡ್ಡಿನ ಕೋನವನ್ನು ತಿರುಪಿನಿಂದ ಹೊಂದಿಸಿಕೊಂಡು, ೨೪ ಬಿಟ್ಟಿನಲ್ಲಿ ಮುದ್ರಿಸಿ ಫ್ಲ್ಯಾಕ್ ರೂಪದಲ್ಲಿ ಎರಡು ಬೇರೆ ಕಡೆ ಇಟ್ಟರೆ ಸಾಕು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಹಿಡಿಯುವುದು ಅರವತ್ತು ನಿಮಿಷವೇ. ಆಮೇಲೆ ಅದನ್ನು ನುಡಿಸಲು ಮೂಲೆಯಲ್ಲಿರುವ ಹಳೆಯ ಸ್ಟ್ರೀಮರು ಸಾಲುತ್ತದೆ.